ಎಡಬದಿಯ ಮಹಾ ಅಭಿಧಮನಿ: ಮಕ್ಕಳ ಹೃದಯ ಶಸ್ತ್ರಚಿಕಿತ್ಸೆಯ ಚರಿತ್ರೆಯ ಒಂದು ಅಧ್ಯಾಯ

ತಲೆ, ಕುತ್ತಿಗೆ, ತೋಳುಗಳ ರಕ್ತವನ್ನು ಹೃದಯಕ್ಕೆ ತರುವ ಮೇಲಿನ ಮಹಾ ಅಭಿಧಮನಿ ಸಾಮಾನ್ಯವಾಗಿ ಒಂದೇ, ಅದೂ ಬಲಗಡೆ. ಸಾವಿರಕ್ಕೆ 3ರಿಂದ 5 ಜನರಲ್ಲಿ ಎಡಗಡೆಯೂ ಒಂದು ಉಳಿದಿರುತ್ತದೆ. ಹುಟ್ಟಿನಿಂದಲೇ ಹೃದಯದೋಷವಿರುವ ಮಕ್ಕಳಲ್ಲಿ ಇದು ನೂರಕ್ಕೆ 3ರಿಂದ 10ರವರೆಗೆ ಏರುತ್ತದೆ. ಭ್ರೂಣದಲ್ಲಿ ಮೊದಲಿಗೆ ಎಲ್ಲರಿಗೂ ಎರಡೂ ಇರುತ್ತವೆ. ಅವೆರಡನ್ನು ಬೆಸೆಯುವ ಅಡ್ಡ ಅಭಿಧಮನಿ ಬೆಳೆದ ಮೇಲೆ ಎಡಗಡೆಯದು ಕುಗ್ಗುತ್ತದೆ. ಇದನ್ನು 1850ರಲ್ಲಿ ವಿವರಿಸಿದವರು ಇಂಗ್ಲೆಂಡಿನ ಜಾನ್ ಮಾರ್ಷಲ್. ಕುಗ್ಗಿ ಉಳಿದ ಎಳೆಗೆ ಈಗಲೂ ಅವರದೇ ಹೆಸರು.

ಮುಂದಿನ ನೂರು ವರ್ಷ ಇದು ಅಂಗರಚನಾ ಶಾಸ್ತ್ರಜ್ಞರ ಕುತೂಹಲವಾಗಿಯೇ ಉಳಿಯಿತು. ಹತ್ತರಲ್ಲಿ ಸುಮಾರು ಒಂಬತ್ತು ಸಲ ಈ ಅಭಿಧಮನಿ ಕರೊನರಿ ಸೈನಸ್ (ಹೃದಯದ ಗೋಡೆಯ ರಕ್ತವನ್ನು ಮರಳಿ ತರುವ ಅಭಿಧಮನಿ) ಮೂಲಕ ಬಲ ಹೃತ್ಕರ್ಣವನ್ನೇ ಸೇರುವುದರಿಂದ ದೇಹಕ್ಕೆ ಅದರಿಂದ ಬಾಧೆಯಿಲ್ಲ. 1953ರ ಮೇ 6ರಂದು ಜಾನ್ ಗಿಬ್ಬನ್ ಹೃದಯ-ಶ್ವಾಸಕೋಶ ಯಂತ್ರದ ನೆರವಿನಿಂದ ಹೃತ್ಕರ್ಣಗಳ ನಡುವಿನ ರಂಧ್ರವನ್ನು ಮುಚ್ಚಿದ ಮೇಲೆ ಪ್ರಶ್ನೆಯ ಸ್ವರೂಪವೇ ಬದಲಾಯಿತು. ಮೇಲಿನ ಮತ್ತು ಕೆಳಗಿನ ಮಹಾ ಅಭಿಧಮನಿಗಳಿಗೆ ಒಂದೊಂದು ಕೊಳವೆ ಹಾಕಿ ರಕ್ತವನ್ನೆಲ್ಲ ಯಂತ್ರಕ್ಕೆ ತಿರುಗಿಸಿದರೆ ಹೃದಯ ಬರಿದಾಗಬೇಕು. ಎಡಗಡೆ ಇನ್ನೊಂದು ಇದ್ದರೆ ತೆರೆದ ಬಲ ಹೃತ್ಕರ್ಣಕ್ಕೆ ರಕ್ತ ನುಗ್ಗುತ್ತಲೇ ಇರುತ್ತದೆ, ಹೊಲಿಗೆಯ ಜಾಗ ಕಾಣುವುದಿಲ್ಲ. ಅಡ್ಡ ಅಭಿಧಮನಿ ಸಾಕಷ್ಟು ದೊಡ್ಡದಿದ್ದರೆ ಎಡಗಡೆಯದನ್ನು ಸ್ವಲ್ಪ ಹೊತ್ತು ಬಿಗಿದಿಡಬಹುದು. ಇಲ್ಲದಿದ್ದರೆ ಬಿಗಿಯುವುದು ಮಿದುಳಿಗೆ ಅಪಾಯ. ಮೂರನೆಯ ಕೊಳವೆಯೇ ಬೇಕು.

ಈ ಅಭಿಧಮನಿ ಎಡ ಹೃತ್ಕರ್ಣಕ್ಕೆ ನೇರವಾಗಿ ತೆರೆದುಕೊಳ್ಳುವ ಬಗೆ ಇನ್ನೂ ಗಂಭೀರ. ಅಶುದ್ಧ ರಕ್ತ ಶುದ್ಧ ರಕ್ತದೊಡನೆ ಬೆರೆಯುತ್ತದೆ. ಕರೊನರಿ ಸೈನಸ್ ಇಲ್ಲದಿರುವಿಕೆ ಮತ್ತು ಹೃತ್ಕರ್ಣಗಳ ನಡುವಿನ ರಂಧ್ರದೊಡನೆ ಬರುವ ಈ ಕೂಟವನ್ನು ರಾಘಿಬ್ ಮತ್ತು ಸಂಗಡಿಗರು 1965ರಲ್ಲಿ ವಿವರಿಸಿದರು. ಒಂದೇ ಹೃತ್ಕುಕ್ಷಿ ಕೆಲಸ ಮಾಡುವ ಮಕ್ಕಳಿಗೆ ಮೇಲಿನ ಮಹಾ ಅಭಿಧಮನಿಯನ್ನು ಶ್ವಾಸಕೋಶದ ಅಪಧಮನಿಗೆ ಜೋಡಿಸುವ ಗ್ಲೆನ್ ಶಸ್ತ್ರಚಿಕಿತ್ಸೆಯಲ್ಲಂತೂ ಎಡಗಡೆಯದನ್ನು ಮರೆತರೆ ರಕ್ತ ಆ ದಾರಿಯಲ್ಲೇ ಸೋರಿಹೋಗಿ ಮಗು ನೀಲಿಯಾಗಿಯೇ ಉಳಿಯುತ್ತದೆ. ಎರಡೂ ಬದಿ ಜೋಡಿಸಬೇಕಾಗುತ್ತದೆ.

ಹೃದಯ ಶಸ್ತ್ರಚಿಕಿತ್ಸೆಯ ಚರಿತ್ರೆಕಾರರು ಯಂತ್ರ ಕಂಡುಹಿಡಿದವರಿಗೆ ಕೊಟ್ಟ ಪುಟಗಳನ್ನು ಎಕೋ (ಹೃದಯದ ಅಲ್ಟ್ರಾಸೌಂಡ್) ಪರೀಕ್ಷಕರಿಗೆ ಕೊಟ್ಟಿಲ್ಲ. ನನ್ನ ದೃಷ್ಟಿಯಲ್ಲಿ ಇದು ದೊಡ್ಡ ಕೊರತೆ. ಎಕೋದಲ್ಲಿ ಕರೊನರಿ ಸೈನಸ್ ಹಿಗ್ಗಿದ್ದು ಕಂಡಾಗ ಎಡಗೈಯ ಅಭಿಧಮನಿಗೆ ಕಲಕಿದ ಸಲೈನ್ ಚುಚ್ಚಿ ಗುಳ್ಳೆಗಳು ಮೊದಲು ಎಲ್ಲಿ ಮೂಡುತ್ತವೆಂದು ನೋಡಿದರೆ, ಎದೆ ತೆರೆಯುವ ಮೊದಲೇ ಉತ್ತರ ಸಿಗುತ್ತದೆ.

ಈ ಪರೀಕ್ಷೆ ಊರಿನ ಮಕ್ಕಳನ್ನು ಹೇಗೆ ತಲುಪುತ್ತದೆ ಎನ್ನುವುದಕ್ಕೆ ಸ್ಕಂದಗಿರಿ ಬೆಟ್ಟದ ಸುತ್ತಿನ ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟಗಳನ್ನು ನೋಡಬಹುದು. ಇಲ್ಲಿನ ಮಕ್ಕಳ ಹೃದಯ ಶಸ್ತ್ರಚಿಕಿತ್ಸೆಗೆ ದಾರಿ ಹೆಚ್ಚಾಗಿ ಬೆಂಗಳೂರು: ಜಯದೇವ ಹೃದ್ರೋಗ ಸಂಸ್ಥೆ, ಬೊಮ್ಮಸಂದ್ರದ ನಾರಾಯಣ ಹೃದಯಾಲಯ, 2001ರಲ್ಲಿ ವೈಟ್‌ಫೀಲ್ಡ್‌ನಲ್ಲಿ ಆರಂಭವಾದ, ಹಣ ಪಡೆಯದ ಸತ್ಯಸಾಯಿ ಆಸ್ಪತ್ರೆ. 2013ರಿಂದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ಅಂಗನವಾಡಿ, ಶಾಲೆಗಳಲ್ಲಿ ಮಕ್ಕಳ ಎದೆಗೆ ಸ್ಟೆತಾಸ್ಕೋಪ್ ಇಡುತ್ತಿವೆ. ಆದರೆ ಎಡಬದಿಯ ಅಭಿಧಮನಿ ತಾನಾಗಿ ಸದ್ದು ಮಾಡುವುದಿಲ್ಲ. ಬೇರೆ ದೋಷದ ಮರ್ಮರ ಶಬ್ದ ಕೇಳಿ ಎಕೋಗೆ ಕಳುಹಿಸಿದಾಗ ಮಾತ್ರ ಅದು ಸಿಕ್ಕೀತು.

ಸಿಕ್ಕಿದ ಮೇಲೆ ಅದು ಡಿಸ್ಚಾರ್ಜ್ ಪತ್ರದಲ್ಲಿ ಇರಲೇಬೇಕು, ಪೋಷಕರಿಗೂ ಬಿಡಿಸಿ ಹೇಳಬೇಕು. ಎಂದಾದರೂ ಆ ಮಗುವಿಗೆ ಪೇಸ್‌ಮೇಕರ್ ಬೇಕಾದರೆ ತಂತಿಯನ್ನು ಸಾಮಾನ್ಯವಾಗಿ ಎಡಗಡೆಯಿಂದಲೇ ಒಳಗೆ ಬಿಡುತ್ತಾರೆ, ಆ ದಾರಿ ಈ ಅಭಿಧಮನಿಯ ಮೂಲಕವೇ ಹೋಗುವುದರಿಂದ ಆಗ ವೈದ್ಯರು ಮೊದಲು ಕೇಳಬೇಕಾದದ್ದು ಆ ಹಳೆಯ ಪತ್ರವನ್ನೇ.