‘ಬಾರ್ ಅಂಡ್ ರೆಸ್ಟೋರೆಂಟ್’: ಒಂದು ಬೋರ್ಡಿನ ಚರಿತ್ರೆ

ಕರ್ನಾಟಕದ ಯಾವ ತಾಲ್ಲೂಕು ಕೇಂದ್ರದಲ್ಲಿ ಬಸ್ಸಿಳಿದರೂ ‘ಬಾರ್ ಅಂಡ್ ರೆಸ್ಟೋರೆಂಟ್’ ಎಂಬ ಬೋರ್ಡು ಕಣ್ಣಿಗೆ ಬೀಳುತ್ತದೆ. ಮುಂದೆ ದೇವರ ಹೆಸರಿರಬಹುದು, ಮಾಲೀಕರ ಮಗಳ ಹೆಸರಿರಬಹುದು. ಈ ಮೂರು ಪದ ಮಾತ್ರ ಬದಲಾಗುವುದಿಲ್ಲ. ಒಳಗೆ ಗೆಳೆಯರ ಗುಂಪು. ಒಬ್ಬನಿಗೆ ಬಿಯರ್, ಇನ್ನೊಬ್ಬನಿಗೆ ಬರೀ ಲೈಮ್ ಸೋಡಾ, ನಡುವೆ ಒಂದು ಪ್ಲೇಟ್ ಕಬಾಬ್, ಒಂದು ಪ್ಲೇಟ್ ಗೋಬಿ. ಇದು ಎಷ್ಟು ಸಹಜವಾಗಿಬಿಟ್ಟಿದೆಯೆಂದರೆ ಇದಕ್ಕೂ ಚರಿತ್ರೆಯಿದೆ ಎಂದು ಅನ್ನಿಸುವುದೇ ಇಲ್ಲ. ಆದರೆ ಒಂದೇ ಮೇಜಿನಲ್ಲಿ ಉಣ್ಣುವುದು ಮತ್ತು ಅದೇ ಮೇಜಿನಲ್ಲಿ ಕುಡಿಯುವುದು, ಇವೆರಡೂ ನಮ್ಮಲ್ಲಿಗೆ ಬೇರೆ ಬೇರೆ ದಾರಿಯಿಂದ ಬಂದವು.

ಉಣ್ಣುವುದರ ಕಥೆ ಜಾತಿಯ ಕಥೆ. ಪರ ಊರಿಗೆ ಹೋದವರು ನೆಂಟರ ಮನೆಯಲ್ಲೋ ಛತ್ರದಲ್ಲೋ ಉಣ್ಣುತ್ತಿದ್ದ ಕಾಲದಲ್ಲಿ ಪಂಕ್ತಿ ಯಾರದೆಂಬುದು ಮೊದಲೇ ತೀರ್ಮಾನವಾಗಿರುತ್ತಿತ್ತು. 20ನೇ ಶತಮಾನದ ಮೊದಲರ್ಧದಲ್ಲಿ ಉಡುಪಿ ಸೀಮೆಯವರು ಬೆಂಗಳೂರು, ಮದ್ರಾಸು, ಮುಂಬೈಗಳಲ್ಲಿ ಹೋಟೆಲು ತೆರೆದರು. 1924ರ ಎಂ.ಟಿ.ಆರ್. ಆ ಅಲೆಯದೇ. ಕಾಸು ಕೊಟ್ಟವರಿಗೆ ಕಾಫಿ ಎಂಬುದು ದೊಡ್ಡ ಬದಲಾವಣೆ, ಆದರೆ ಪೂರ್ತಿ ಬದಲಾವಣೆಯಲ್ಲ. ಬ್ರಾಹ್ಮಣರಿಗೆಂದು ಒಳಗೆ ಬೇರೆ ಕೋಣೆ ಇಟ್ಟ ಹೋಟೆಲುಗಳಿದ್ದವು; ದಲಿತರು ಬಾಗಿಲಾಚೆಯೇ ನಿಲ್ಲಬೇಕಿತ್ತು. 1950ರಲ್ಲಿ ಜಾರಿಗೆ ಬಂದ ಸಂವಿಧಾನದ 15ನೇ ವಿಧಿ ಅಂಗಡಿ, ಬಾವಿ, ಕೆರೆಗಳ ಜೊತೆ ಹೋಟೆಲನ್ನೂ ಹೆಸರು ಹಿಡಿದು ಹೇಳಬೇಕಾಯಿತು. ದೇಶದ ಮೂಲ ಕಾನೂನಿನಲ್ಲಿ ಹೋಟೆಲಿನ ಬಾಗಿಲಿಗೂ ಜಾಗ ಬೇಕಾಯಿತೆಂದರೆ ಆ ಬಾಗಿಲು ಎಷ್ಟು ಬಿಗಿಯಾಗಿತ್ತೆಂದು ಊಹಿಸಬಹುದು. 1955ರ ಅಸ್ಪೃಶ್ಯತಾ ಅಪರಾಧಗಳ ಕಾಯ್ದೆ ಅದಕ್ಕೆ ಶಿಕ್ಷೆಯನ್ನೂ ಸೇರಿಸಿತು. ಆಮೇಲೂ ಹಳ್ಳಿಯ ಚಹಾದಂಗಡಿಗಳಲ್ಲಿ ಎರಡು ಲೋಟ ಉಳಿದೇ ಇದ್ದವು.

ಕುಡಿಯುವುದರ ಕಥೆಯೇ ಬೇರೆ. 12ನೇ ಶತಮಾನದ ಶರಣರಲ್ಲಿ ಹೆಂಡ ಮಾರುವ ಕಾಯಕದ ಮಾರಯ್ಯನಿದ್ದ. ರಾಜರತ್ನಂ ಅವರ ರತ್ನ ಕುಡಿಯುವುದೂ ಹೆಂಡವನ್ನೇ, ವಿಸ್ಕಿಯನ್ನಲ್ಲ. ಬಾರು ನಮಗೆ ಬಂದದ್ದು ದಂಡಿನ ಕಡೆಯಿಂದ, ಬ್ರಿಟಿಷರ ಕಂಟೋನ್ಮೆಂಟಿನಿಂದ. 1956ರಲ್ಲಿ ರಾಜ್ಯ ಒಂದಾದಾಗ ಕುಡಿತದ ಕಾನೂನು ಒಂದಾಗಿರಲಿಲ್ಲ. ಧಾರವಾಡ, ಬೆಳಗಾವಿ, ವಿಜಾಪುರಗಳಿಗೆ 1949ರ ಮುಂಬೈ ಪಾನನಿಷೇಧ ಕಾಯ್ದೆ, ಮಂಗಳೂರಿಗೆ 1937ರ ಮದ್ರಾಸ್ ಕಾಯ್ದೆ, ಕಲಬುರಗಿ, ರಾಯಚೂರು ಕಡೆ ಹೈದರಾಬಾದಿನ ಅಬಕಾರಿ ಪದ್ಧತಿ. 1960ರ ದಶಕದ ಕೊನೆಗೆ ನಿಷೇಧ ತೆರವಾಗಿ, 1968ರ ಅಬಕಾರಿ ನಿಯಮಗಳು ಬಂದವು. ಸಿಎಲ್-2 ಅಂಗಡಿಯಲ್ಲಿ ಕೊಂಡು ಒಯ್ಯಬೇಕು. ಕೂತು ಕುಡಿಯಲು ಸಿಎಲ್-9 ಬೇಕು. ಈ ಸಿಎಲ್-9ಕ್ಕೆ ನಿಯಮದಲ್ಲಿರುವ ಹೆಸರು ಉಪಾಹಾರ ಕೋಣೆ. ಬಾರ್ ಎಂಬುದು ಅದರ ಪಕ್ಕದ ಕಂಸದಲ್ಲಿದೆ. ಸರ್ಕಾರದ ಕಣ್ಣಿನಲ್ಲಿ ಊಟ ಮುಂದೆ, ಕುಡಿತ ಹಿಂದೆ. ಬೋರ್ಡು ಬರೆಯುವವನು ಅದನ್ನು ತಿರುಗಿಸಿಬಿಟ್ಟ, ಬಹುಶಃ ಗಿರಾಕಿಯನ್ನು ಅವನೇ ಚೆನ್ನಾಗಿ ಬಲ್ಲ.

2007ರ ಜುಲೈ 1ರಿಂದ ಸಾರಾಯಿ ನಿಷೇಧವಾಯಿತು. ಕುಡಿತದಿಂದ ಬೇಸತ್ತ ಹೆಂಗಸರು ಕೇಳುತ್ತಿದ್ದದ್ದು ಅದನ್ನೇ, ಅವರ ಸಿಟ್ಟು ನ್ಯಾಯವಾದದ್ದು. ಆದರೆ ಕೂಲಿಯವರ ಅಂಗಡಿ ಮುಚ್ಚಿತು, ನಮ್ಮಂಥವರ ಮೇಜು ಹಾಗೇ ಉಳಿಯಿತು ಎಂಬುದನ್ನೂ ಬರೆದಿಡಬೇಕು. ಅದೇ ವರ್ಷದ ಡಿಸೆಂಬರಿನಲ್ಲಿ ದೆಹಲಿಯ ಮೊಕದ್ದಮೆಯೊಂದರಲ್ಲಿ ಸುಪ್ರೀಂ ಕೋರ್ಟು, ಮದ್ಯ ಕೊಡುವ ಜಾಗದಲ್ಲಿ ಹೆಂಗಸರು ಕೆಲಸ ಮಾಡಬಾರದೆಂಬ 1914ರ ಪಂಜಾಬ್ ಅಬಕಾರಿ ಕಾಯ್ದೆಯ ಕಲಮನ್ನು ತಳ್ಳಿಹಾಕಿತು.

ಕೆಲಸ ಮಾಡಬಹುದು ಸರಿ, ಗಿರಾಕಿಯಾಗಿ ಕೂರುವುದು? ಅದಕ್ಕೆ ‘ಫ್ಯಾಮಿಲಿ ರೂಮ್’ ಇದೆ. ಗುಂಪಿನಲ್ಲಿ ಒಬ್ಬ ಹೆಣ್ಣುಮಗಳಿದ್ದರೂ ಸಾಕು, ಏನೂ ಕೇಳದೆ ಸಪ್ಲೈಯರ್ ಮೆಟ್ಟಿಲು ತೋರಿಸುತ್ತಾನೆ. ನನಗೆ ಹಳೆಯ ಹೋಟೆಲಿನ ಒಳಕೋಣೆ ನೆನಪಾಗುತ್ತದೆ. ಸಹಸಂಶೋಧಕಿಯಾದ ನನ್ನ ಗೆಳತಿ ಇದನ್ನು ಒಪ್ಪುವುದಿಲ್ಲ. ಹಳೆಯ ಕೋಣೆ ಬೇರೆಯವರನ್ನು ದೂರವಿಡಲು ಇತ್ತು, ಇಲ್ಲಿ ತನ್ನನ್ನು ಯಾರೂ ದಿಟ್ಟಿಸುವುದಿಲ್ಲ, ನೆಮ್ಮದಿಯಾಗಿ ತಿನ್ನಬಹುದು ಎನ್ನುತ್ತಾಳೆ. ಹಾಗಾದರೆ ದಿಟ್ಟಿಸುವವರನ್ನೇ ಮೇಲಕ್ಕೆ ಕಳಿಸಬಹುದಲ್ಲ ಎಂದೆ. ಅಷ್ಟು ದೊಡ್ಡ ಕೋಣೆ ಯಾರ ಹತ್ತಿರವೂ ಇಲ್ಲ ಎಂದಳು.