ಜಲೋದರವೂ ಅದರ ಚಿಕಿತ್ಸೆಯ ಪೂರ್ವಚರಿತ್ರೆಯೂ

ತಾಳಗುಪ್ಪ, ಸಾಗರ, ಹೊಸನಗರ ಸೀಮೆಗಳಲ್ಲಿ ಚಳಿಜ್ವರವು ಮನೆಮನೆಯನ್ನೂ ಹೊಕ್ಕಿದ್ದ ಕಾಲದಲ್ಲಿ ಜ್ವರಗೆಡ್ಡೆಯಿಂದ ಹೊಟ್ಟೆಯುಬ್ಬಿದ ಮಕ್ಕಳೂ ಕೂಲಿಯಾಳುಗಳೂ ಕಣ್ಣಿಗೆ ಬೀಳುವುದು ಅಪರೂಪವಾಗಿರಲಿಲ್ಲ. ನೋಡುವವರಿಗೆ ಉಬ್ಬಿದ ಹೊಟ್ಟೆಯೆಲ್ಲ ಒಂದೇ, ಶಾಸ್ತ್ರಕಾರರಿಗೆ ಹಾಗಲ್ಲ. ಚರಕ ಸುಶ್ರುತರು ಉದರರೋಗವನ್ನು 8 ಬಗೆಯಾಗಿ ವಿಂಗಡಿಸಿ, ಪ್ಲೀಹೋದರವನ್ನು ಬೇರೆಯಾಗಿಯೂ ಜಲೋದರವನ್ನು ಬೇರೆಯಾಗಿಯೂ ಇಟ್ಟರು. ಬಲಪಾರ್ಶ್ವದ ಯಕೃತ್ತೂ ಪ್ಲೀಹದಂತೆಯೇ ಬೆಳೆದು ಕೆಡುವುದನ್ನು ಅವರು ಕಂಡಿದ್ದರು. ಉಪೇಕ್ಷೆ ಮಾಡಿದರೆ ಉಳಿದ ಉದರಗಳೂ ಕಡೆಗೆ ನೀರು ತುಂಬಿಕೊಳ್ಳುವುವೆಂದು ಚರಕನ ಮತ. ನೀರು ತುಂಬಿದ ತೊಗಲಿನ ಚೀಲದಂತೆ ಹೊಟ್ಟೆಯು ಅಲುಗುವುದೆಂಬ ಸುಶ್ರುತನ ಲಕ್ಷಣವನ್ನು ಇಂದಿನ ವೈದ್ಯರೂ ಕೈಯಿಟ್ಟು ಪರೀಕ್ಷಿಸುತ್ತಾರೆ.

ಸುಶ್ರುತನ ಶಸ್ತ್ರಕ್ರಮವು ಸ್ವಲ್ಪ ವಿಸ್ತರಿಸಿ ಹೇಳತಕ್ಕದ್ದು. ನಾಭಿಯ ಕೆಳಗೆ ಎಡಕ್ಕೆ, ರೋಮರಾಜಿಯಿಂದ 4 ಅಂಗುಲ ಬಿಟ್ಟು, ವ್ರೀಹಿಮುಖವೆಂಬ ಶಸ್ತ್ರದಿಂದ ಹೆಬ್ಬೆರಳಿನಷ್ಟು ಆಳಕ್ಕೆ ಚುಚ್ಚಿ, ಲೋಹದ ನಾಳವನ್ನಾಗಲಿ ಹಕ್ಕಿಗರಿಯ ನಾಳವನ್ನಾಗಲಿ ಸೇರಿಸಿ ನೀರನ್ನು ಇಳಿಸಬೇಕು. ಆದರೆ ಎಲ್ಲವನ್ನೂ ಒಂದೇ ದಿನದಲ್ಲಿ ಇಳಿಸಕೂಡದು. ಇಳಿಸಿದರೆ ಬಾಯಾರಿಕೆ, ಜ್ವರ, ಮೈನೋವು, ಅತಿಸಾರ, ಉಬ್ಬಸಗಳುಂಟಾಗುವುವು. ಕೆಲವು ದಿನಗಳ ಅಂತರ ಕೊಟ್ಟು ಸ್ವಲ್ಪಸ್ವಲ್ಪವಾಗಿ ತೆಗೆದು, ಪ್ರತಿಸಾರಿಯೂ ಹೊಟ್ಟೆಯನ್ನು ಬಟ್ಟೆಯಿಂದ ಬಿಗಿದು ಕಟ್ಟಬೇಕು. ಅನಂತರ ಒಂದು ವರ್ಷ ಪಥ್ಯ. ಅದರಲ್ಲಿ ಹಾಲೇ ಮುಖ್ಯ. ಉಪ್ಪನ್ನು ಚರಕನು ನಿಷೇಧಿಸಿದನು. ಕಾರಣದ ವಿಚಾರದಲ್ಲಿ ಮಾತ್ರ ಪ್ರಾಚೀನರು ತಪ್ಪಿದರೆಂದು ಒಪ್ಪಲೇಬೇಕು: ಸ್ನೇಹಪಾನವೋ ವಿರೇಚನವೋ ಆದ ಮೇಲೆ ತಣ್ಣೀರು ಕುಡಿದುದನ್ನು ಅವರು ಜಲೋದರಕ್ಕೆ ಹೇತುವೆಂದರು.

ಇನ್ನೊಂದು ಮಾತು. ಉಪಾಯಗಳೆಲ್ಲ ಮುಗಿದ ಉದರರೋಗಿಗೆ ವಿಷಪ್ರಯೋಗದಂತಹ ಸಾಹಸಚಿಕಿತ್ಸೆಯನ್ನು ಮಾಡುವ ಮುನ್ನ ಜ್ಞಾತಿಗಳು, ಮಿತ್ರರು, ಹೆಂಡತಿ, ಗುರುಗಳು, ಅರಸರು ಇವರ ಅನುಮತಿಯನ್ನು ಪಡೆಯಬೇಕೆಂದೂ, ಸುಮ್ಮನಿದ್ದರೆ ಮರಣ ನಿಶ್ಚಯ, ಮಾಡಿದರೆ ಸಂದೇಹವೆಂಬುದನ್ನು ಮುಚ್ಚಿಡದೆ ಹೇಳಬೇಕೆಂದೂ ಚರಕನು ವಿಧಿಸಿದನು.

ಗ್ರಂಥಗಳಿಗೆ ಈ ಸೀಮೆಯಲ್ಲಿ ಬಡತನವಿರಲಿಲ್ಲ. ಸಾಗರಕ್ಕೆ ಸಮೀಪದ ಕೆಳದಿಯ ಅರಸು ಬಸವಪ್ಪನಾಯಕನು 1709ರಲ್ಲಿ ಶಿವತತ್ತ್ವರತ್ನಾಕರವೆಂಬ ಮಹಾಸಂಗ್ರಹವನ್ನೇ ರಚಿಸಿದನು. ಆದರೆ ಶ್ಲೋಕವು ನಾಲಗೆಯಲ್ಲಿ ಉಳಿಯಿತು. ಶಸ್ತ್ರವು ಕೈಯಿಂದ ಜಾರಿತು. ಉದರಾಧ್ಯಾಯವನ್ನು ತಪ್ಪಿಲ್ಲದೆ ಒಪ್ಪಿಸುವ ಪಂಡಿತನು ವ್ರೀಹಿಮುಖವನ್ನು ಕಣ್ಣಿನಿಂದ ಕಂಡವನೂ ಆಗಿರಲಿಲ್ಲ.

ಪಶ್ಚಿಮದಲ್ಲಿಯೂ ಚುಚ್ಚಿ ನೀರಿಳಿಸುವುದರಿಂದಾಚೆಗೆ ಬಹುಕಾಲ ಹೆಚ್ಚೇನೂ ಇರಲಿಲ್ಲ. ಸಂಗೀತಗಾರ ಬೇಥೋವನನಿಗೆ ವಿಯೆನ್ನಾ ನಗರದಲ್ಲಿ 1826ರ ಡಿಸೆಂಬರಿನಿಂದ 4 ಬಾರಿ ನೀರು ತೆಗೆದರು. 1827ರ ಮಾರ್ಚಿ 26ರಂದು ಅವನು ತೀರಿಕೊಂಡನು. ಶವಪರೀಕ್ಷೆಯಲ್ಲಿ ಯಕೃತ್ತು ಕುಗ್ಗಿ ಗಂಟುಗಂಟಾಗಿದ್ದಿತು. ಇದಕ್ಕೆ ಸಿರೋಸಿಸ್ ಎಂಬ ಹೆಸರನ್ನು ಲೆನೆಕನು 1819ರಲ್ಲಿಯೇ ಇಟ್ಟಿದ್ದನು. ಯಕೃತ್ತು ಗಟ್ಟಿಯಾದಾಗ ಅದಕ್ಕೆ ಹೋಗುವ ಸಿರೆಯಲ್ಲಿ ಒತ್ತಡವೇರುತ್ತದೆ; ಮೂತ್ರಪಿಂಡಗಳು ಉಪ್ಪನ್ನೂ ನೀರನ್ನೂ ಹಿಡಿದಿಡುತ್ತವೆ; ಆ ನೀರು ಉದರದಲ್ಲಿ ಸಂಚಯವಾಗುತ್ತದೆ. ಮದ್ಯವೂ ಹೆಪಟೈಟಿಸ್ ಬಿ, ಸಿ ವಿಷಾಣುಗಳೂ ಮುಖ್ಯ ಕಾರಣಗಳು. ಬಿ ವಿಷಾಣುವಿಗೆ ಲಸಿಕೆಯುಂಟು.

ಈಗ ಉಪ್ಪಿನ ಮಿತಿ, ಸುಮಾರು 1960ರಿಂದ ಬಳಕೆಗೆ ಬಂದ ಸ್ಪೈರೊನೊಲ್ಯಾಕ್ಟೋನ್ ಮೊದಲಾದ ಮೂತ್ರಲ ಔಷಧಗಳು, ಅವು ಸಾಲದಿದ್ದರೆ ಸೂಜಿ. ಒಮ್ಮೆಗೆ 5 ಲೀಟರಿಗಿಂತ ಹೆಚ್ಚು ತೆಗೆದರೆ ರಕ್ತನಾಳಕ್ಕೆ ಆಲ್ಬುಮಿನ್ ಕೊಡುತ್ತಾರೆ. ಒಮ್ಮೆಗೇ ಇಳಿಸಬಾರದೆಂಬ ಸುಶ್ರುತನ ಭಯವು ನಿರಾಧಾರವಾಗಿರಲಿಲ್ಲ. ಇಷ್ಟಾದರೂ ರೋಗದ ಗತಿ ಕಠಿಣವೇ. ನೀರು ಕಾಣಿಸಿಕೊಂಡ ಬಳಿಕ 5 ವರ್ಷಗಳಲ್ಲಿ ನೂರಕ್ಕೆ ಸುಮಾರು 40ಕ್ಕೂ ಹೆಚ್ಚು ಮಂದಿ ಸಾಯುತ್ತಾರೆ. ಔಷಧಕ್ಕೆ ಬಗ್ಗದ ಜಲೋದರದಲ್ಲಿ ಆಯುಸ್ಸು ಬಹಳ ಜನರಿಗೆ ತಿಂಗಳುಗಳ ಲೆಕ್ಕವೇ. ಇದನ್ನರಿಯದೆ ಕಾಮಾಲೆಯ ಮದ್ದೆಂದು ಬೇರುಗಳನ್ನು ಅರೆದು ಕುಡಿಸುತ್ತ ತಿಂಗಳುಗಟ್ಟಲೆ ಕಳೆಯುವವರು ಇನ್ನೂ ಉಂಟು; ಕಳೆದ ಆ ತಿಂಗಳುಗಳು ಮರಳುವುದಿಲ್ಲ.

ಯಕೃತ್ತನ್ನೇ ಬದಲಿಸುವ ಶಸ್ತ್ರಕ್ರಿಯೆಯು 1967ರಲ್ಲಿ ಅಮೆರಿಕದಲ್ಲಿ ಸ್ಟಾರ್ಜ್ಲನ ಕೈಯಲ್ಲಿ ಸಫಲವಾಯಿತು, ಭಾರತದಲ್ಲಿ 1998ರಲ್ಲಿ. ನಮ್ಮ ದೇಶದಲ್ಲಿ ಯಕೃತ್ತಿನ ಭಾಗವನ್ನು ಕೊಡುವವರು ಬಹುಮಟ್ಟಿಗೆ ರೋಗಿಯ ಮನೆಯವರೇ ಆಗಿರುವುದರಿಂದ, ವೈದ್ಯನು ಸಂದೇಹವನ್ನು ಬಿಚ್ಚಿ ಹೇಳಬೇಕಾದುದು ಈಗಲೂ ಆ ಜ್ಞಾತಿಗಳ ಮುಂದೆಯೇ.