ಅತಿಕ್ರಮ: ಬೇಲಿಯ ಎರಡೂ ಕಡೆ

‘ಕ್ರಮ’ವೆಂದರೆ ಮೂಲದಲ್ಲಿ ಹೆಜ್ಜೆ, ಆಮೇಲೆ ಹೆಜ್ಜೆಗಳ ಸರಣಿ, ಕೊನೆಗೆ ನಿಯಮ, ಅದಕ್ಕೆ ‘ಅತಿ’ ಸೇರಿದಾಗ ಗೆರೆ ಮೀರಿ ಇಟ್ಟ ಹೆಜ್ಜೆ ಎಂಬ ಅರ್ಥ ಬರುತ್ತದೆ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಕಡೆ ಈ ಪದಕುಟುಂಬದಲ್ಲಿ ಜನರ ಬಾಯಲ್ಲಿರುವುದು ‘ಅಕ್ರಮ–ಸಕ್ರಮ’, ಅಂದರೆ ಸರಕಾರಿ ಜಾಗದಲ್ಲಿ ಅಪ್ಪಣೆಯಿಲ್ಲದೆ ಮಾಡಿದ ಕೃಷಿಯನ್ನು ಅರ್ಜಿಯ ಮೇಲೆ ಊರ್ಜಿತಗೊಳಿಸುವ ಕಂದಾಯದ ಏರ್ಪಾಡು. ‘ಅತಿಕ್ರಮ’ ಮಾತ್ರ ಠಾಣೆಯ ದೂರಿನ ಪದವಾಗಿ, ಬೇಲಿ ದಾಟಿ ಬಂದವನ ಮೇಲಷ್ಟೇ ಹೊರಿಸುವ ಮಾತಾಗಿ ಉಳಿದಿದೆ.

ಕಾನೂನಿನ ನೋಟ ಅಷ್ಟು ಏಕಮುಖವಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 329ನೆಯ ಕಲಮಿನ ಪ್ರಕಾರ, ಇನ್ನೊಬ್ಬರ ಸ್ವಾಧೀನದಲ್ಲಿರುವ ಜಾಗಕ್ಕೆ ಅಪರಾಧ ಎಸಗುವ, ಬೆದರಿಸುವ, ಅವಮಾನಿಸುವ ಅಥವಾ ಕಿರಿಕಿರಿ ಉಂಟುಮಾಡುವ ಉದ್ದೇಶದಿಂದ ಹೋದರೆ ಮಾತ್ರ ಅದು ಅಪರಾಧಿಕ ಅತಿಕ್ರಮ. ಆದ್ದರಿಂದ ತಡಮೆಯನ್ನು, ಎಂದರೆ ಆಳು ದಾಟಲು ಬೇಲಿಯಲ್ಲಿ ಬಿಟ್ಟ ಕಂಡಿಯನ್ನು, ಹಾದು ಅಡಿಕೆ ತೋಟದ ಒಳದಾರಿ ಹಿಡಿದವನು ಅಷ್ಟರಿಂದಲೇ ಅಪರಾಧಿಯಾಗುವುದಿಲ್ಲ. ಉದ್ದೇಶ ಕೆಟ್ಟದ್ದಾಗಿದ್ದರೂ, ಸೊತ್ತಿನ ಖಾಸಗಿ ರಕ್ಷಣೆಯ ಹಕ್ಕಿಗೆ 37ನೆಯ ಕಲಂ ಎರಡು ಕಡಿವಾಣ ಹಾಕುತ್ತದೆ: ಪೊಲೀಸರ ನೆರವು ಪಡೆಯಲು ಸಮಯವಿದ್ದಾಗ ಆ ಹಕ್ಕೇ ಇಲ್ಲ, ಇದ್ದಾಗಲೂ ರಕ್ಷಣೆಗೆ ಬೇಕಾದುದಕ್ಕಿಂತ ಹೆಚ್ಚಿನ ಪೆಟ್ಟು ಸಲ್ಲದು. ಪ್ರಾಣ ತೆಗೆಯುವ ಮಟ್ಟಕ್ಕೆ ಹಕ್ಕು ಚಾಚುವುದು ಸುಲಿಗೆ, ರಾತ್ರಿ ಮನೆ ಒಡೆದು ನುಗ್ಗುವಿಕೆ, ವಾಸದ ಮನೆಗೆ ಬೆಂಕಿ, ಜೀವಭಯ ಹುಟ್ಟಿಸುವ ಕಳವು ಮುಂತಾದ ಸಂದರ್ಭಗಳಲ್ಲಿ ಮಾತ್ರ. ಬೆಳೆ ರಕ್ಷಣೆಯ ಕೋವಿಗೆ ಸಿಕ್ಕ ಪರವಾನಗಿ ಬರಿದೇ ತೋಟಕ್ಕೆ ಹೊಕ್ಕವನ ಕಡೆ ತಿರುಗುವುದಿಲ್ಲ.

ಹಂದಿಯ ಕಾಟಕ್ಕೆಂದು ತಂತಿಗೆ ನೇರವಾಗಿ ಕರೆಂಟು ಹರಿಸುವವರು ಚೆರೂಬಿನ್ ಗ್ರೆಗರಿ ಪ್ರಕರಣವನ್ನು ತಿಳಿದಿರುವುದು ಒಳ್ಳೆಯದು. ಬಿಹಾರದಲ್ಲಿ ಒಬ್ಬಾತ ನೆರೆಯವರು ಬಳಸದಂತೆ ತನ್ನ ಪಾಯಖಾನೆಗೆ ವಿದ್ಯುತ್ ತಂತಿ ಬಿಗಿದು, ಅದು ತಾಗಿ ನೆರೆಯ ಹೆಂಗಸು ಸತ್ತಾಗ, ಅಪ್ಪಣೆಯಿಲ್ಲದೆ ಬಂದವರಾದರೂ ಬೇಕೆಂದೇ ಬಲೆಯೊಡ್ಡಿ ಅವರಿಗೆ ಅಪಾಯ ತರುವಂತಿಲ್ಲವೆಂದು ಸುಪ್ರೀಂ ಕೋರ್ಟು 1963ರಲ್ಲಿ ಶಿಕ್ಷೆಯನ್ನು ಎತ್ತಿಹಿಡಿಯಿತು. ಅಲ್ಲಿ ಗೆರೆ ಮೀರಿದ ದೊಡ್ಡ ಹೆಜ್ಜೆ ಜಾಗದ ಯಜಮಾನನದೇ.

ದಕ್ಷಿಣ ಕನ್ನಡದಲ್ಲಿ ಗೆರೆಯೇ ಮಸುಕಾಗಿರುವ ಜಾಗವೂ ಉಂಟು. ವರ್ಗ ಜಮೀನಿನಿಂದ, ಎಂದರೆ ಕಂದಾಯ ಕಟ್ಟುವ ಹಿಡುವಳಿಯಿಂದ, 100 ಗಜದೊಳಗಿನ ಸರಕಾರಿ ಭೂಮಿಯಾದ ಕುಮ್ಕಿಯಲ್ಲಿ ವರ್ಗದಾರನಿಗಿರುವುದು ಸೊಪ್ಪು, ಮೇವು, ಮರಮಟ್ಟಿನ ಸವಲತ್ತೇ ಹೊರತು ಒಡೆತನವಲ್ಲ. 1964ರ ಭೂಕಂದಾಯ ಕಾಯ್ದೆಯ 79ನೆಯ ಕಲಂ ಉಳಿಸಿದ್ದೂ ಅಷ್ಟನ್ನೇ. (ನೆರವು ಎಂಬರ್ಥದ ಪಾರಸಿ ಪದ ಇಲ್ಲಿ ಕುಮ್ಕಿಯಾಯಿತು, ಅಪರಾಧ ವಾರ್ತೆಗಳಲ್ಲಿ ‘ಕುಮ್ಮಕ್ಕು’ ಆಯಿತು.) ಅಲ್ಲಿ ಬೇಲಿ ಹಾಕಿ ಕತ್ತಿ ಹಿಡಿದು ನಿಲ್ಲುವವನು ಮೊದಲು ತನ್ನ ಸ್ವಾಧೀನವನ್ನೇ ರುಜುಪಡಿಸಬೇಕಾದೀತು.

ಪಟ್ಟಾ ಕೈಯಲ್ಲಿದ್ದರೂ ಬಲದ ದಾರಿ ಸುಗಮವಲ್ಲ. ಕರ್ನಾಟಕದಿಂದ ಹೋದ ರಾಮೇಗೌಡ–ವರದಪ್ಪ ನಾಯ್ಡು ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2003ರಲ್ಲಿ ‘ನೆಲೆಗೊಂಡ ಸ್ವಾಧೀನ’ದ ತತ್ತ್ವವನ್ನು ವಿವರಿಸಿತು: ಬಂದು ಕೂತವನು ಬೆಳೆ ಬೆಳೆದಿದ್ದರೆ ನಿಜವಾದ ಒಡೆಯನೂ ಆ ಬೆಳೆಯನ್ನು ಕಿತ್ತು ಹಾಕಿ ಜಾಗ ಹಿಡಿಯುವಂತಿಲ್ಲ, ನ್ಯಾಯಾಲಯದ ಮೂಲಕವೇ ಬಿಡಿಸಿಕೊಳ್ಳಬೇಕು. ಹಾಗಲ್ಲದೆ ಖಾಸಗಿ ಒಡೆಯನೊಬ್ಬ ಹೊರದಬ್ಬಿದರೆ, ದಬ್ಬಿಸಿಕೊಂಡವನು ಆರು ತಿಂಗಳೊಳಗೆ ದಾವೆ ಹೂಡಿ, ಒಡೆತನದ ಪ್ರಶ್ನೆ ಏನೇ ಇರಲಿ, ಸ್ವಾಧೀನವನ್ನು ಮರಳಿ ಕೇಳಲು 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ 6ನೆಯ ಕಲಂ ಎಡೆಗೊಡುತ್ತದೆ.